ತಕ್ಕಡಿಯ ಎರಡು ತಟ್ಟೆಗಳು

ಬಿತ್ತನೆಗೆಂದು ಕಟ್ಟಿಟ್ಟ ಭತ್ತವನ್ನು ಕುಟ್ಟಿ ಉಂಡ ಗೃಹಸ್ಥನನ್ನು ಲೋಕವು ಅವಿವೇಕಿಯೆಂದು ಕರೆಯುವುದು. ಮನೆಯಲ್ಲಿ ಆ ವರ್ಷ ಮದುವೆಯಿದ್ದಿತೆ, ಮುಪ್ಪಿನ ತಾಯಿಯ ಕೊನೆಯ ಆಶೆಯೊಂದು ತೀರಬೇಕಾಗಿದ್ದಿತೆ, ಅಂದು ಉಣ್ಣದಿದ್ದರೆ ಮುಂದೆ ಬಿತ್ತುವುದಕ್ಕೆ ಕೈಗಳೇ ಉಳಿಯುತ್ತಿರಲಿಲ್ಲವೆ ಎಂಬ ವಿಚಾರವನ್ನು ಯಾರೂ ಮಾಡುವುದಿಲ್ಲ. ಮಳೆ ಬಿದ್ದು ಪಕ್ಕದ ಗದ್ದೆ ಹಸುರಾದ ಮೇಲೆ ಅವನ ಬರಿಯ ಗದ್ದೆಯನ್ನು ತೋರಿಸಿ ನಗುವುದು ಸುಲಭ. ಇಂದಿಗೂ ನಾಳೆಗೂ ನಡೆಯುವ ಈ ವ್ಯಾಪಾರವು ಎಲ್ಲ ಸಂಸಾರಗಳಲ್ಲಿಯೂ ಉಂಟು; ಆದರೆ ಅಲ್ಲೆಲ್ಲ ಅದು ಮರೆಯಲ್ಲಿ ನಡೆಯುವುದರಿಂದ ಲಾಭನಷ್ಟಗಳನ್ನು ಅಳೆಯುವುದು ಕಷ್ಟ. ಇದೇ ವ್ಯಾಪಾರವನ್ನು ಹೆಸರು, ವಯಸ್ಸು, ತಾರೀಖುಗಳ ಸಮೇತ ಬಯಲಿನಲ್ಲಿ ನಡೆಯಿಸಿ, ಅದರ ಲೆಕ್ಕವನ್ನು ಹಲವು ದಶಕಗಳವರೆಗೆ ಬರೆದಿಡುವ ಒಂದು ಕ್ಷೇತ್ರವಿದೆ. ಅದು ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಬೇಸ್‌ಬಾಲ್ ಆಟ.

ಆ ಆಟದ ಪರಿಚಯವಿಲ್ಲದ ವಾಚಕರಿಗೆ ಇಷ್ಟು ತಿಳಿದರೆ ಸಾಕು. ಕ್ರಿಕೆಟ್ಟಿನಲ್ಲಿ ಬೌಲರನಿರುವಂತೆ ಬೇಸ್‌ಬಾಲಿನಲ್ಲಿ ಪಿಚರನೆಂಬುವನು ಚೆಂಡನ್ನೆಸೆಯುವನು. ಪಂದ್ಯದ ಗತಿಯು ಬಹುಮಟ್ಟಿಗೆ ಅವನ ತೋಳನ್ನು ಅವಲಂಬಿಸಿರುವುದು. ಮೇಜರ್ ಲೀಗ್ ಎಂಬ ಉಚ್ಚ ವರ್ಗದ ತಂಡಗಳು ವಸಂತದಿಂದ ಶರತ್ಕಾಲದವರೆಗೆ ತಲಾ 162 ಪಂದ್ಯಗಳನ್ನು ಆಡುವುವು. ಅವುಗಳಲ್ಲಿ ಮುಂದಾದ ಕೆಲವು ಮಾತ್ರ ಅಕ್ಟೋಬರಿನಲ್ಲಿ ಉಳಿದು, ಕೊನೆಗೆ ವರ್ಲ್ಡ್ ಸೀರೀಸ್ ಎಂಬ ಪಂದ್ಯಮಾಲೆಯಲ್ಲಿ ಎರಡು ತಂಡಗಳು ಎದುರಾಗುವುವು. ಪ್ರತಿಯೊಂದು ಮುಖ್ಯ ತಂಡದ ಕೆಳಗೂ ಸಣ್ಣ ಊರುಗಳಲ್ಲಿ ಆಡುವ ಅಭ್ಯಾಸದ ತಂಡಗಳಿರುವುವು. ಇವಕ್ಕೆ ಮೈನರ್ ಲೀಗ್ ಎಂದು ಹೆಸರು. ಹದಿನೆಂಟು ಇಪ್ಪತ್ತು ವರ್ಷದ ಹುಡುಗರನ್ನು ಅಲ್ಲಿಟ್ಟು ಸಸಿಮಡಿಯಲ್ಲಿ ಸಸಿಗಳನ್ನು ಬೆಳೆಯಿಸುವಂತೆ ಬೆಳೆಯಿಸುವರು. 1920ರ ದಶಕದಲ್ಲಿ ಸೇಂಟ್ ಲೂಯಿಸ್ ತಂಡದ ಬ್ರ್ಯಾಂಚ್ ರಿಕಿ ಎಂಬಾತನು ಈ ಪದ್ಧತಿಯನ್ನು ಕ್ರಮಬದ್ಧವಾಗಿ ಕಟ್ಟಿದನು. ಇದಕ್ಕೆ ಒಕ್ಕಲುತನದ ಹೆಸರೇ ರೂಢಿಯಾಗಿರುವುದು ಉಚಿತವಾಗಿದೆ.

ಹೀಗಿರಲು, ಒಂದು ತಂಡವು ಅಗ್ರಸ್ಥಾನಕ್ಕೆ ಸಮೀಪವಾಗಿ ಬಂದು, ಒಬ್ಬ ನುರಿತ ಆಟಗಾರನ ಕೊರತೆಯಿಂದ ತಡೆದು ನಿಂತಿದೆಯೆಂದು ಭಾವಿಸೋಣ. ಇನ್ನೊಂದು ತಂಡವು ಸೋತು ಸುಣ್ಣವಾಗಿದೆ; ಅದರಲ್ಲಿ ಅಂಥ ನುರಿತ ಆಟಗಾರನೊಬ್ಬನಿದ್ದರೂ ಆ ವರ್ಷ ಅವನಿಂದ ಪ್ರಯೋಜನವಿಲ್ಲ. ಆಗ ಮೊದಲನೆಯ ತಂಡವು ತನ್ನ ಸಸಿಮಡಿಯಿಂದ ಒಬ್ಬಿಬ್ಬರು ಎಳೆಯರನ್ನು ಕಿತ್ತುಕೊಟ್ಟು ಆ ಅನುಭವಸ್ಥನನ್ನು ತೆಗೆದುಕೊಳ್ಳುವುದು. ಎಳೆಯನಿಗೆ ಕೊಡುವ ಸಂಬಳ ಅಲ್ಪ, ಅವನ ಶಕ್ತಿ ಇನ್ನೂ ಊಹೆ. ಹಿರಿಯನ ಸಂಬಳ ಬಹಳ, ಅವನ ಶಕ್ತಿ ಎಲ್ಲರೂ ಕಂಡದ್ದು, ಆದರೆ ಉಳಿದಿರುವುದು ಸ್ವಲ್ಪ. ಒಂದು ತಟ್ಟೆಯಲ್ಲಿ ನಾಳೆ, ಇನ್ನೊಂದರಲ್ಲಿ ಇಂದು.

ಈ ತಕ್ಕಡಿಯ ಎರಡೂ ತಟ್ಟೆಗಳಲ್ಲಿ ಕುಳಿತೆದ್ದ ಮನುಷ್ಯನೊಬ್ಬನಿರುವನು. ಅವನು ಡಾಯ್ಲ್ ಅಲೆಕ್ಸಾಂಡರ್. ಅಲಬಾಮ ಸಂಸ್ಥಾನದಲ್ಲಿ 1950ರಲ್ಲಿ ಹುಟ್ಟಿದ ಈತನು ಪಿಚರನು. 1971ರಲ್ಲಿ ಲಾಸ್ ಏಂಜಲೀಸ್ ತಂಡದಲ್ಲಿ ಮೊದಲು ಕಾಣಿಸಿಕೊಂಡನು. ಆ ವರ್ಷ ಲಾಸ್ ಏಂಜಲೀಸ್ ತಂಡವು ಒಂದೇ ಒಂದು ಪಂದ್ಯದ ಅಂತರದಿಂದ ತನ್ನ ವಿಭಾಗದ ಅಗ್ರಸ್ಥಾನವನ್ನು ಕಳೆದುಕೊಂಡಿತು. ಒಂದು ಪಂದ್ಯದಿಂದ ಸೋತವನ ಮನಸ್ಸು ಇಪ್ಪತ್ತು ಪಂದ್ಯಗಳಿಂದ ಸೋತವನ ಮನಸ್ಸಿಗಿಂತ ಹೆಚ್ಚು ತಳಮಳಗೊಳ್ಳುವುದು ಸಹಜ. ಡಿಸೆಂಬರ್ ತಿಂಗಳಲ್ಲಿ ಆ ತಂಡದವರು ಬಾಲ್ಟಿಮೋರಿನಿಂದ ಫ್ರ್ಯಾಂಕ್ ರಾಬಿನ್ಸನ್ ಎಂಬ ಮಹಾ ಆಟಗಾರನನ್ನು, ಅವನೊಡನೆ ಮತ್ತೊಬ್ಬ ಪಿಚರನನ್ನು ಕೊಂಡು, ಬದಲಿಗೆ ಅಲೆಕ್ಸಾಂಡರನನ್ನೂ ಇನ್ನು ಮೂವರು ತರುಣರನ್ನೂ ಕೊಟ್ಟರು. ರಾಬಿನ್ಸನನಿಗೆ ಆಗ 36 ವರ್ಷ, ಅಲೆಕ್ಸಾಂಡರನಿಗೆ 21. ಬಾಲ್ಟಿಮೋರಿನಲ್ಲಿ ಆರು ವರ್ಷವಿದ್ದು ನಾಲ್ಕು ಬಾರಿ ವರ್ಲ್ಡ್ ಸೀರೀಸ್ ಆಡಿ, 1966 ಮತ್ತು 1970ರಲ್ಲಿ ಗೆದ್ದ ತಂಡದ ನಾಯಕಮಣಿಯಾಗಿದ್ದವನು ರಾಬಿನ್ಸನ್. ಆದರೆ ಲಾಸ್ ಏಂಜಲೀಸಿನಲ್ಲಿ ಅವನ ದೇಹವು ಹಿಂದಿನಂತೆ ಸಹಕರಿಸಲಿಲ್ಲ. 1972ರಲ್ಲಿ ಅವನು 19 ಹೋಮ್ ರನ್ನುಗಳನ್ನು ಹೊಡೆದನು; ತಂಡಕ್ಕೆ ಅಗ್ರಸ್ಥಾನ ಸಿಕ್ಕಲಿಲ್ಲ; ಆ ವರ್ಷದ ಕೊನೆಯಲ್ಲಿಯೇ ಅವನನ್ನು ಬೇರೆ ತಂಡಕ್ಕೆ ಕಳುಹಿಸಿಬಿಟ್ಟರು. ಬಾಲ್ಟಿಮೋರ್ ತಂಡವಾದರೋ 1973ರಲ್ಲಿಯೂ 1974ರಲ್ಲಿಯೂ ತನ್ನ ವಿಭಾಗದಲ್ಲಿ ಗೆದ್ದಿತು. ಅಲೆಕ್ಸಾಂಡರನು ಅಲ್ಲಿ ನೆಲೆಯೂರಿದನು. ಇಲ್ಲಿ ನಾಳೆಯು ಇಂದನ್ನು ಗೆದ್ದಿತು.

ಐದು ವರ್ಷಗಳಾಗುವುದರೊಳಗೆ ಅಲೆಕ್ಸಾಂಡರನು ಎದುರಿನ ತಟ್ಟೆಗೆ ಬಂದನು. 1976ರ ಜೂನ್ ತಿಂಗಳಲ್ಲಿ ನ್ಯೂಯಾರ್ಕಿನ ಯಾಂಕೀ ತಂಡವು ಅಗ್ರಸ್ಥಾನದಲ್ಲಿದ್ದಿತು. 1964ರಿಂದೀಚೆಗೆ ಅದಕ್ಕೆ ಲೀಗಿನ ಪಟ್ಟ ದೊರೆತಿರಲಿಲ್ಲ. ಅನುಭವವುಳ್ಳ ಪಿಚರರು ಬೇಕೆಂದು ಅದು ಬಾಲ್ಟಿಮೋರಿನಿಂದ ಅಲೆಕ್ಸಾಂಡರನೂ ಸೇರಿದಂತೆ ಐವರನ್ನು ಪಡೆದು, ತನ್ನ ಕಡೆಯಿಂದ ಐವರನ್ನು ಕೊಟ್ಟಿತು. ಹಾಗೆ ಕೊಟ್ಟವರಲ್ಲಿ ಸ್ಕಾಟ್ ಮೆಗ್ರೆಗರ್ ಎಂಬ 22 ವರ್ಷದ ಹುಡುಗನು ಮುಖ್ಯ ತಂಡದಲ್ಲಿ ಒಂದು ಪಂದ್ಯವನ್ನೂ ಆಡಿರಲಿಲ್ಲ. ರಿಕ್ ಡೆಂಪ್ಸಿ ಮತ್ತು ಟಿಪ್ಪಿ ಮಾರ್ಟಿನೆಸ್ ಇನ್ನೂ ಹೆಸರು ಮಾಡಿರಲಿಲ್ಲ. ಯಾಂಕೀ ತಂಡಕ್ಕೆ ಆ ವರ್ಷ ಪಟ್ಟ ದೊರೆಯಿತು. ಅಲೆಕ್ಸಾಂಡರನು ಹತ್ತು ಪಂದ್ಯಗಳನ್ನು ಗೆದ್ದುಕೊಟ್ಟನು. ವರ್ಲ್ಡ್ ಸೀರೀಸಿನ ಮೊದಲನೆಯ ಪಂದ್ಯದಲ್ಲಿ ಸೋತನು. ಋತು ಮುಗಿಯುತ್ತಲೇ ತಂಡವನ್ನು ಬಿಟ್ಟು ಟೆಕ್ಸಸಿಗೆ ಹೋದನು. ಬಾಲ್ಟಿಮೋರಿಗೆ ಹೋದ ಆ ಮೂವರು ಏಳು ವರ್ಷ ಕಾದು 1983ರಲ್ಲಿ ಫಲ ಕೊಟ್ಟರು. ಆ ವರ್ಷದ ವರ್ಲ್ಡ್ ಸೀರೀಸಿನ ಕೊನೆಯ ಪಂದ್ಯದಲ್ಲಿ ಎದುರಾಳಿಗಳಿಗೆ ಒಂದು ರನ್ನನ್ನೂ ಕೊಡದೆ ಗೆದ್ದವನು ಮೆಗ್ರೆಗರ್. ಆ ಪಂದ್ಯಮಾಲೆಯ ಶ್ರೇಷ್ಠ ಆಟಗಾರನೆಂಬ ಗೌರವವನ್ನು ಪಡೆದವನು ಡೆಂಪ್ಸಿ. ಆದರೂ ನ್ಯೂಯಾರ್ಕಿನವರು ಅತ್ತರೆಂದು ಹೇಳುವಂತಿಲ್ಲ. 1977ರಲ್ಲಿಯೂ 1978ರಲ್ಲಿಯೂ ಅವರೇ ಜಗಜ್ಜೇತರಾಗಿದ್ದರು. ಒಂದು ವ್ಯಾಪಾರದಲ್ಲಿ ಇಬ್ಬರೂ ಗೆಲ್ಲುವುದು ಅಸಂಭವವೇನೂ ಅಲ್ಲ, ಏಕೆಂದರೆ ಇಬ್ಬರ ಹಸಿವೂ ಒಂದೇ ಹೊತ್ತಿನದಾಗಿರಬೇಕಾಗಿಲ್ಲ.

ಮೂರನೆಯ ಸಲ ಈ ತಕ್ಕಡಿ ತೂಗಿದಾಗ ಉಂಟಾದ ಮಾತು ಇಂದಿಗೂ ಅಡಗಿಲ್ಲ. 1987ರ ಆಗಸ್ಟ್ 12ರಂದು ಡೆಟ್ರಾಯಿಟ್ ತಂಡವು ಅಟ್ಲಾಂಟಾದಿಂದ ಅಲೆಕ್ಸಾಂಡರನನ್ನು ಕೊಂಡುಕೊಂಡಿತು. ಅವನಿಗೆ ಆಗ 36 ವರ್ಷ: ಎಂದರೆ, ಹಿಂದೆ ಯಾವ ರಾಬಿನ್ಸನನಿಗಾಗಿ ಅವನನ್ನು ಕೊಟ್ಟಿದ್ದರೋ ಆ ರಾಬಿನ್ಸನನ ಅಂದಿನ ವಯಸ್ಸೇ. ಅವನ ಬದಲಿಗೆ ಡೆಟ್ರಾಯಿಟ್ ಕೊಟ್ಟದ್ದು ಇಪ್ಪತ್ತು ವರ್ಷದ ಒಬ್ಬ ಪಿಚರನನ್ನು. ಅವನ ಹೆಸರು ಜಾನ್ ಸ್ಮೋಲ್ಟ್ಜ್. ಡೆಟ್ರಾಯಿಟ್ ಇರುವ ಮಿಶಿಗನ್ ಸಂಸ್ಥಾನದಲ್ಲಿಯೇ ಹುಟ್ಟಿ ಬೆಳೆದ ಹುಡುಗ. ಅವನ ಅಜ್ಜನು ಅದೇ ತಂಡದ ಕ್ರೀಡಾಂಗಣದಲ್ಲಿ ಕೆಲಸಮಾಡಿದ್ದವನು. ಚಿಕ್ಕಂದಿನಿಂದ ಒಂದು ದೇವಾಲಯದ ಗೋಪುರವನ್ನು ನೋಡುತ್ತ ಬೆಳೆದವನಿಗೆ ಅದರ ಬಾಗಿಲಲ್ಲಿಯೇ ತಡೆಯಾದಂತೆ ಅವನಿಗಾಯಿತು. ಆದರೆ ಆ ವರ್ಷ ಗ್ಲೆನ್ಸ್ ಫಾಲ್ಸ್ ಎಂಬ ಊರಿನ ಅಭ್ಯಾಸದ ತಂಡದಲ್ಲಿ ಅವನು ಗೆದ್ದದ್ದು ನಾಲ್ಕು, ಸೋತದ್ದು ಹತ್ತು. ಅಲೆಕ್ಸಾಂಡರನೂ ಅಟ್ಲಾಂಟಾದಲ್ಲಿ ಐದು ಗೆದ್ದು ಹತ್ತು ಸೋತಿದ್ದನು. ಅಂದು ಪತ್ರಿಕೆ ಓದಿದವನಿಗೆ ಇದು ಮಹಾ ವ್ಯಾಪಾರವೆಂದು ತೋರಲು ಕಾರಣವಿರಲಿಲ್ಲ.

ಮುಂದೆ ನಡೆದುದು ಕಥೆಯಂತಿದೆ. ಅಲೆಕ್ಸಾಂಡರನು ಡೆಟ್ರಾಯಿಟ್‌ಗಾಗಿ ಹನ್ನೊಂದು ಪಂದ್ಯಗಳನ್ನು ಆರಂಭಿಸಿದನು. ತಂಡವು ಹನ್ನೊಂದನ್ನೂ ಗೆದ್ದಿತು. ಅವನ ಸ್ವಂತ ಲೆಕ್ಕಕ್ಕೆ ಒಂಬತ್ತು ಗೆಲವು, ಸೋಲು ಸೊನ್ನೆ. ಒಂಬತ್ತು ಇನ್ನಿಂಗ್ಸಿಗೆ ಅವನು ಕೊಟ್ಟ ರನ್ನುಗಳ ಸರಾಸರಿ 1.53. ಆ ಕಾಲದಲ್ಲಿ ವಿಭಾಗದ ಅಗ್ರಸ್ಥಾನ ಪಡೆದ ತಂಡಕ್ಕೆ ಮಾತ್ರ ಮುಂದಿನ ಆಟದ ಅವಕಾಶ. ಎರಡನೆಯದಕ್ಕೆ ಏನೂ ಇಲ್ಲ. ಏಳು ಪಂದ್ಯಗಳು ಉಳಿದಿರುವಾಗ ಟೊರಾಂಟೊ ತಂಡವು ಡೆಟ್ರಾಯಿಟ್‌ಗಿಂತ ಮೂರೂವರೆ ಪಂದ್ಯಗಳಷ್ಟು ಮುಂದಿದ್ದಿತು. ಸೆಪ್ಟೆಂಬರ್ 27ರಂದು ಟೊರಾಂಟೊ ನಗರದಲ್ಲಿಯೇ ನಡೆದ ಪಂದ್ಯದಲ್ಲಿ ಅಲೆಕ್ಸಾಂಡರನು ಹತ್ತು ಇನ್ನಿಂಗ್ಸುಗಳಿಗೂ ಮೀರಿ ಚೆಂಡೆಸೆದನು. ಹದಿಮೂರನೆಯ ಇನ್ನಿಂಗ್ಸಿನಲ್ಲಿ ಡೆಟ್ರಾಯಿಟ್ ಗೆದ್ದಿತು. ಕೊನೆಯ ಮೂರು ಪಂದ್ಯಗಳು ಡೆಟ್ರಾಯಿಟ್‌ನಲ್ಲಿ. ಮೊದಲನೆಯದನ್ನು ಅಲೆಕ್ಸಾಂಡರನು 4-3ರಿಂದ ಗೆದ್ದುಕೊಟ್ಟನು. ಉಳಿದೆರಡನ್ನೂ ಒಂದೊಂದು ರನ್ನಿನಿಂದ ಅವನ ಸಂಗಡಿಗರು ಗೆದ್ದರು. ಟೊರಾಂಟೊ ಕೊನೆಯ ಏಳನ್ನೂ ಸೋತಿತು. ಡೆಟ್ರಾಯಿಟ್ 98 ಗೆಲವುಗಳಿಂದ ಅಗ್ರಸ್ಥಾನಕ್ಕೆ ಬಂದಿತು. 96 ಗೆದ್ದ ಟೊರಾಂಟೊ ಮನೆಗೆ ಹೋಯಿತು.

ಅಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಮುಂದಿನ ಸುತ್ತಿನಲ್ಲಿ 85 ಪಂದ್ಯಗಳನ್ನು ಮಾತ್ರ ಗೆದ್ದಿದ್ದ ಮಿನೆಸೋಟ ತಂಡವು ಡೆಟ್ರಾಯಿಟ್ ಅನ್ನು ನಾಲ್ಕಕ್ಕೆ ಒಂದರಂತೆ ಸೋಲಿಸಿತು. ಅಲೆಕ್ಸಾಂಡರನು ಆಡಿದ ಎರಡು ಪಂದ್ಯಗಳಲ್ಲಿಯೂ ಸೋತನು. 1989ರಲ್ಲಿ ಅವನು ಆರು ಗೆದ್ದು ಹದಿನೆಂಟು ಸೋತು ಆಟದಿಂದ ನಿವೃತ್ತನಾದನು. ಆ ವರ್ಷ ಡೆಟ್ರಾಯಿಟ್ ಸೋತ ಪಂದ್ಯಗಳು 103. ಅತ್ತ ಸ್ಮೋಲ್ಟ್ಜನು ಬೆಳೆದು ವೃಕ್ಷವಾದನು. 1991ರ ವರ್ಲ್ಡ್ ಸೀರೀಸಿನ ಏಳನೆಯ ಪಂದ್ಯದಲ್ಲಿ ಅಟ್ಲಾಂಟಾದ ಪರವಾಗಿ ನಿಂತು ಏಳು ಇನ್ನಿಂಗ್ಸುಗಳಿಗೂ ಮೀರಿ ಒಂದು ರನ್ನನ್ನೂ ಕೊಡಲಿಲ್ಲ. ಅಂದು ಅವನ ಎದುರಾಗಿ ಹತ್ತು ಇನ್ನಿಂಗ್ಸು ಚೆಂಡೆಸೆದು ಮಿನೆಸೋಟಕ್ಕೆ ಪಂದ್ಯವನ್ನು ಗಳಿಸಿಕೊಟ್ಟ ಜ್ಯಾಕ್ ಮಾರಿಸನು 1987ರ ಡೆಟ್ರಾಯಿಟ್ ತಂಡದ ಆಧಾರಸ್ತಂಭವಾಗಿದ್ದವನು. 1995ರಲ್ಲಿ ಅಟ್ಲಾಂಟಾ ಜಗಜ್ಜೇತ ತಂಡವಾಯಿತು. 1996ರಲ್ಲಿ 24 ಪಂದ್ಯಗಳನ್ನು ಗೆದ್ದ ಸ್ಮೋಲ್ಟ್ಜನಿಗೆ ವರ್ಷದ ಶ್ರೇಷ್ಠ ಪಿಚರನೆಂಬ ಪ್ರಶಸ್ತಿ ಬಂದಿತು. ಒಟ್ಟು 213 ಗೆಲವುಗಳೂ, ತಂಡದ ಗೆಲವನ್ನು ಕೊನೆಯಲ್ಲಿ ಕಾಪಾಡಿದ 154 ಸಂದರ್ಭಗಳೂ ಅವನ ಲೆಕ್ಕದಲ್ಲಿ ಸೇರಿದುವು. 2015ರಲ್ಲಿ ಆಟದ ಮಹಾಪುರುಷರ ಸಾಲಿಗೆ ಅವನನ್ನು ಸೇರಿಸಿದರು.

ಹೀಗಾಗಿ ಮೂರ್ಖ ವ್ಯಾಪಾರಗಳ ಪಟ್ಟಿಯನ್ನು ಯಾರಾದರೂ ಬರೆದರೆ ಡೆಟ್ರಾಯಿಟ್‌ನ ಹೆಸರು ಮೇಲೆಯೇ ಇರುವುದು. ಇದು ನ್ಯಾಯವೆ? ಡೆಟ್ರಾಯಿಟ್ ಏನನ್ನು ಬಯಸಿ ಕೊಂಡಿತೋ ಅದು ತಪ್ಪದೆ ದೊರೆಯಿತು. ಎರಡು ಪಂದ್ಯಗಳ ಅಂತರದಿಂದ ನಿರ್ಧಾರವಾದ ಸ್ಪರ್ಧೆಯಲ್ಲಿ ಅಲೆಕ್ಸಾಂಡರನ ಒಂಬತ್ತು ಗೆಲವುಗಳನ್ನು ಕಳೆದರೆ ಉಳಿಯುವುದೇನು? ಅಲನ್ ಟ್ರ್ಯಾಮೆಲ್, ಲೂ ವಿಟೇಕರ್, ಮಾರಿಸ್ ಮೊದಲಾದವರು ಹತ್ತು ವರ್ಷ ಒಟ್ಟಿಗೆ ಆಡಿ ಮಧ್ಯಾಹ್ನವನ್ನು ದಾಟಿದ್ದರು. ಆ ಗುಂಪಿಗೆ ಇನ್ನೊಂದು ಅವಕಾಶ ಬರುವುದೆಂಬ ಭರವಸೆಯಿರಲಿಲ್ಲ, ಬರಲೂ ಇಲ್ಲ. 1987ರ ಬಳಿಕ ಡೆಟ್ರಾಯಿಟ್ ತಂಡವು ಮತ್ತೆ ಅಕ್ಟೋಬರಿನ ಆಟವನ್ನು ಕಂಡದ್ದು 2006ರಲ್ಲಿ. ಹತ್ತೊಂಬತ್ತು ವರ್ಷಗಳಲ್ಲಿ ಮಕ್ಕಳು ಬೆಳೆದು ತಂದೆಗಳಾದರು. ಆ ಅಂಗಣದಲ್ಲಿ ಕೊನೆಯ ಮೂರು ದಿನಗಳ ಸಂತೋಷವನ್ನು ಉಂಡವರಿಗೆ, ಅದು ಬೀಜದ ಭತ್ತದ ಊಟವಾಗಿದ್ದಿತೆಂದು ತಿಳಿದ ಮೇಲೂ, ಉಂಡ ರುಚಿ ಸುಳ್ಳಾಗಲಾರದು.

ಆದರೆ ಎಲ್ಲ ಊಟಗಳೂ ಇಂಥವಲ್ಲ. 1990ರ ಆಗಸ್ಟ್ ಕೊನೆಯಲ್ಲಿ ಬಾಸ್ಟನ್ ತಂಡವು ಹ್ಯೂಸ್ಟನ್ನಿನಿಂದ ಲ್ಯಾರಿ ಆಂಡರ್ಸನ್ ಎಂಬ 37 ವರ್ಷದ ಪಿಚರನನ್ನು ತರಿಸಿಕೊಂಡಿತು. ಇವನು ಪಂದ್ಯದ ಆರಂಭದಲ್ಲಿ ನಿಲ್ಲುವವನಲ್ಲ; ನಡುವೆ ಬಂದು ಒಂದೆರಡು ಇನ್ನಿಂಗ್ಸು ಎಸೆದು ಹೋಗುವವನು. ಬದಲಿಗೆ ಬಾಸ್ಟನ್ ಕೊಟ್ಟದ್ದು 22 ವರ್ಷದ ಜೆಫ್ ಬ್ಯಾಗ್‌ವೆಲನನ್ನು. ಅವನೂ ಬಾಸ್ಟನ್ನಿನಲ್ಲಿಯೇ ಹುಟ್ಟಿದವನು. ಅವನು ಆಡುತ್ತಿದ್ದ ಸ್ಥಾನದಲ್ಲಿ ವೇಡ್ ಬಾಗ್ಸ್ ಎಂಬ ಪ್ರಖ್ಯಾತನಿದ್ದನು. ಆದುದರಿಂದ ಹುಡುಗನು ಹೆಚ್ಚಾದವನೆಂದು ತಂಡಕ್ಕೆ ತೋರಿತು. ಆಂಡರ್ಸನನು ಒಂದು ತಿಂಗಳಲ್ಲಿ 22 ಇನ್ನಿಂಗ್ಸುಗಳನ್ನು ಚೆನ್ನಾಗಿಯೇ ಎಸೆದನು. ಬಾಸ್ಟನ್ ತನ್ನ ವಿಭಾಗವನ್ನು ಗೆದ್ದು, ಮುಂದಿನ ಸುತ್ತಿನಲ್ಲಿ ಓಕ್‌ಲೆಂಡಿಗೆ ನಾಲ್ಕು ಪಂದ್ಯಗಳನ್ನೂ ಸೋತಿತು. ಆಂಡರ್ಸನನು ಚಳಿಗಾಲ ಬರುತ್ತಲೇ ಬೇರೆ ಊರಿಗೆ ಹೋದನು. ಬ್ಯಾಗ್‌ವೆಲನು ಹ್ಯೂಸ್ಟನ್ನಿನಲ್ಲಿ ಹದಿನೈದು ವರ್ಷ ಆಡಿ 449 ಹೋಮ್ ರನ್ನುಗಳನ್ನು ಹೊಡೆದು, 1994ರಲ್ಲಿ ತನ್ನ ಲೀಗಿನ ಅತ್ಯುತ್ತಮನೆನಿಸಿ, 2017ರಲ್ಲಿ ಮಹಾಪುರುಷರ ಸಾಲಿಗೆ ಸೇರಿದನು. ಬಾಸ್ಟನ್ನಿನವರನ್ನು ಸಮರ್ಥಿಸುವ ಒಂದು ಮಾತುಂಟು: ವಿನಿಮಯದ ವರ್ಷ ಅಭ್ಯಾಸದ ತಂಡದಲ್ಲಿ ಅವನು ಹೊಡೆದ ಹೋಮ್ ರನ್ನುಗಳು ನಾಲ್ಕೇ ನಾಲ್ಕು. ನಾಲ್ಕರಲ್ಲಿ 449ನ್ನು ಕಾಣುವ ಕಣ್ಣು ಯಾರಿಗಿದೆ? ಆದರೂ ಡೆಟ್ರಾಯಿಟ್‌ನ ವ್ಯಾಪಾರಕ್ಕೂ ಇದಕ್ಕೂ ಭೇದವಿದೆ. ಅಲ್ಲಿ ಕೊಂಡದ್ದು ಮನೆಯ ತೊಲೆ. ಇಲ್ಲಿ ಕೊಂಡದ್ದು ಒಂದು ಚಿಲಕ. ಚಿಲಕವು ಬೇಕಾದುದೇ ಸರಿ, ಆದರೆ ಅದಕ್ಕಾಗಿ ಮುಂದಿನ ಮನೆಯ ಮರವನ್ನು ಕೊಡಬಾರದು. ಕೊಟ್ಟ ವಸ್ತುವಿನ ಮುಂದಿನ ಬೆಲೆ ಕಾಣದಿದ್ದುದು ದೋಷವಲ್ಲ. ಕೊಂಡ ವಸ್ತುವಿನ ಇಂದಿನ ಬೆಲೆಯನ್ನು ಹೆಚ್ಚಾಗಿ ಎಣಿಸಿದುದು ದೋಷ.

ಶಿಕಾಗೊ ನಗರದ ಕಬ್ಸ್ ತಂಡದ ನಿದರ್ಶನವು ಇದಕ್ಕೆ ಎದುರಾಗಿದೆ. 1908ರ ಬಳಿಕ ಆ ತಂಡವು ವರ್ಲ್ಡ್ ಸೀರೀಸನ್ನು ಗೆದ್ದಿರಲಿಲ್ಲ. 2016ರ ಜುಲೈನಲ್ಲಿ ಅದು ಅತಿವೇಗದ ಪಿಚರನಾದ ಅರೋಲ್ಡಿಸ್ ಚಾಪ್‌ಮನನನ್ನು ಯಾಂಕೀ ತಂಡದಿಂದ ಕೊಂಡಿತು. ಆ ವರ್ಷ ಮುಗಿದರೆ ಅವನು ಸ್ವತಂತ್ರನೆಂಬುದು ಎಲ್ಲರಿಗೂ ತಿಳಿದಿದ್ದಿತು. ಬದಲಿಗೆ ಹೋದ ನಾಲ್ವರಲ್ಲಿ ವೆನಿಜುವೆಲಾ ದೇಶದ ಗ್ಲೇಬರ್ ಟೊರೆಸ್ ಮುಖ್ಯನು. ಅವನಿಗೆ 19 ವರ್ಷ. ನವೆಂಬರಿನಲ್ಲಿ ಕ್ಲೀವ್‌ಲೆಂಡಿನ ಮೇಲೆ ಏಳನೆಯ ಪಂದ್ಯದ ಹತ್ತನೆಯ ಇನ್ನಿಂಗ್ಸಿನಲ್ಲಿ 8-7ರಿಂದ ಶಿಕಾಗೊ ಗೆದ್ದಿತು. ವಿಚಿತ್ರವೆಂದರೆ ಆ ರಾತ್ರಿ ಎಂಟನೆಯ ಇನ್ನಿಂಗ್ಸಿನಲ್ಲಿ ಚಾಪ್‌ಮನನೇ ಒಂದು ಹೋಮ್ ರನ್ನನ್ನು ಕೊಟ್ಟು ಎದುರಾಳಿಗಳು ಸಮನಾಗುವಂತೆ ಮಾಡಿದ್ದನು. ಡಿಸೆಂಬರಿನಲ್ಲಿ ಅವನು ಯಾಂಕೀ ತಂಡಕ್ಕೇ ಹಿಂದಿರುಗಿದನು. ಟೊರೆಸನು ಅಲ್ಲಿಯೇ ಬೆಳೆದು 2018 ಮತ್ತು 2019ರಲ್ಲಿ ಆಯ್ದ ಆಟಗಾರರ ಪಂದ್ಯಕ್ಕೆ ಆರಿಸಲ್ಪಟ್ಟನು. ಲೆಕ್ಕದ ಪುಸ್ತಕದಲ್ಲಿ ನ್ಯೂಯಾರ್ಕಿಗೆ ಇಬ್ಬರೂ ದಕ್ಕಿದರು. ಆದರೆ 108 ವರ್ಷ ಕಾದ ಊರಿಗೆ ಲೆಕ್ಕದ ಪುಸ್ತಕವನ್ನು ತೋರಿಸುವುದು, ಬಹುಕಾಲ ಮಕ್ಕಳಿಲ್ಲದೆ ಮಗುವನ್ನು ಪಡೆದವರ ಮುಂದೆ ನಾಮಕರಣದ ಖರ್ಚನ್ನು ಓದಿದಂತೆ.

ಇಷ್ಟರವರೆಗೆ ತಂಡಗಳ ಲಾಭನಷ್ಟದ ವಿಚಾರವಾಯಿತು. ಎಳೆಯನು ಅಗ್ಗ, ಹಿರಿಯನು ದುಬಾರಿ ಎಂಬ ಮಾತು ಎಲ್ಲಿಂದ ಬಂದಿತೆಂಬುದನ್ನೂ ನೋಡಬೇಕು. ಅದು ಪ್ರಕೃತಿಯ ನಿಯಮವಲ್ಲ. ಮನುಷ್ಯರು ಬರೆದ ಕರಾರು. ಬಹುಕಾಲದವರೆಗೆ ಆಟಗಾರನೊಬ್ಬನು ಒಮ್ಮೆ ರುಜು ಹಾಕಿದರೆ ಆಯುಷ್ಯವೆಲ್ಲ ಆ ತಂಡಕ್ಕೆ ಸೇರಿದವನು. ತಂಡವು ಅವನನ್ನು ಇಟ್ಟುಕೊಳ್ಳಬಹುದು, ಮಾರಬಹುದು. ಅವನು ಬಿಟ್ಟು ಹೋಗುವಂತಿರಲಿಲ್ಲ. 1975ರ ಡಿಸೆಂಬರಿನಲ್ಲಿ ಪೀಟರ್ ಸೈಟ್ಸ್ ಎಂಬ ಮಧ್ಯಸ್ಥನು ಕೊಟ್ಟ ತೀರ್ಪಿನಿಂದ ಆ ಕಟ್ಟು ಸಡಿಲವಾಯಿತು. ಮುಂದಿನ ಒಪ್ಪಂದದಂತೆ ಆರು ವರ್ಷ ಮೇಜರ್ ಲೀಗಿನಲ್ಲಿ ಸೇವೆ ಮಾಡಿದವನು ಸ್ವತಂತ್ರನಾಗಿ ತನ್ನ ಬೆಲೆಯನ್ನು ತಾನೇ ಕೇಳಬಹುದು. ಆರು ವರ್ಷ ತುಂಬದವನಿಗೆ ಆ ಸ್ವಾತಂತ್ರ್ಯವಿಲ್ಲ. ಮೊದಲ ಕೆಲವು ವರ್ಷಗಳಲ್ಲಿ ಅವನು ಕನಿಷ್ಠ ಸಂಬಳಕ್ಕೆ ಸಮೀಪವಾದುದನ್ನೇ ಪಡೆಯುವನು. 2022ರ ಒಪ್ಪಂದವು ಆ ಕನಿಷ್ಠವನ್ನು 7 ಲಕ್ಷ ಡಾಲರುಗಳೆಂದು ಗೊತ್ತುಮಾಡಿ, 2026ಕ್ಕೆ 7 ಲಕ್ಷ 80 ಸಾವಿರಕ್ಕೆ ಏರಿಸಿತು. ಅದೇ ಕಾಲದ ಪ್ರಸಿದ್ಧರಾದ ಹಿರಿಯರು ವರ್ಷಕ್ಕೆ ಕೋಟಿಗಟ್ಟಲೆ ಡಾಲರುಗಳನ್ನು ಪಡೆಯುವರು. ಆದುದರಿಂದ ಎಳೆಯನು ಅಗ್ಗವಾಗಿರುವುದು ಅವನ ತೋಳಿನ ಕೊರತೆಯಿಂದಲ್ಲ, ಅವನ ಕರಾರಿನ ಕೊರತೆಯಿಂದ. ಅವನು ಗಳಿಸಿಕೊಡುವುದಕ್ಕೂ ಪಡೆಯುವುದಕ್ಕೂ ಇರುವ ಅಂತರವೇ ತಕ್ಕಡಿಯಲ್ಲಿ ತೂಗುವ ಭಾರ.

ಇಲ್ಲಿ ಬೀಜದ ಹೋಲಿಕೆ ಸೋಲುವುದು. ಭತ್ತಕ್ಕೆ ಮನೆಯಿಲ್ಲ, ಮನಸ್ಸಿಲ್ಲ. ಸೇಂಟ್ ಲೂಯಿಸ್ ತಂಡದಲ್ಲಿ ಹನ್ನೆರಡು ವರ್ಷ ಆಡಿದ್ದ ಕರ್ಟ್ ಫ್ಲಡ್ ಎಂಬ ಆಟಗಾರನನ್ನು 1969ರಲ್ಲಿ ಫಿಲಡೆಲ್ಫಿಯಾಕ್ಕೆ ಕೊಟ್ಟುಬಿಟ್ಟಾಗ ಅವನು ಈ ಮಾತನ್ನು ಜಗತ್ತಿಗೆ ನೆನಪುಮಾಡಿಕೊಟ್ಟನು. ತನ್ನನ್ನು ಸರಕಿನಂತೆ ಕೊಂಡು ಮಾರಕೂಡದೆಂದು ಆಟದ ಅಧಿಕಾರಿಗೆ ಪತ್ರ ಬರೆದು, ನ್ಯಾಯಾಸ್ಥಾನಕ್ಕೆ ಹೋದನು. 1972ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಐವರು ಮೂವರ ಮತದಿಂದ ಅವನ ವಿರುದ್ಧ ತೀರ್ಮಾನಿಸಿತು. ಮೊಕದ್ದಮೆಯಲ್ಲಿ ಅವನು ಸೋತನು. ಅವನ ಆಟದ ಜೀವನವೂ ಮುಗಿಯಿತು. ಆದರೆ 1973ರಲ್ಲಿ ಒಂದು ನಿಯಮ ಬಂದಿತು: ಹತ್ತು ವರ್ಷ ಮೇಜರ್ ಲೀಗಿನಲ್ಲಿದ್ದು, ಕಡೆಯ ಐದು ವರ್ಷ ಒಂದೇ ತಂಡದಲ್ಲಿ ಆಡಿದವನನ್ನು ಅವನ ಒಪ್ಪಿಗೆಯಿಲ್ಲದೆ ಕೊಡಕೂಡದು.

ಈ ನಿಯಮದ ಬೆಳಕಿನಲ್ಲಿ ಇನ್ನೊಂದು ವಿನಿಮಯವನ್ನು ನೋಡಬಹುದು. ಸ್ಮೋಲ್ಟ್ಜನನ್ನು ಕೊಟ್ಟ ಡೆಟ್ರಾಯಿಟ್ ತಂಡವು ಮೂವತ್ತು ವರ್ಷಗಳ ಬಳಿಕ ಎದುರು ತಟ್ಟೆಗೆ ಬಂದಿತು. 2017ರ ಆಗಸ್ಟ್ 31ರ ರಾತ್ರಿ, ಅವಧಿ ಮುಗಿಯಲು ಸ್ವಲ್ಪವೇ ಹೊತ್ತಿರುವಾಗ, ಅದು 34 ವರ್ಷದ ತನ್ನ ಮಹಾ ಪಿಚರನಾದ ಜಸ್ಟಿನ್ ವರ್ಲ್ಯಾಂಡರನನ್ನು ಹ್ಯೂಸ್ಟನ್ನಿಗೆ ಕೊಟ್ಟು ಮೂವರು ಎಳೆಯರನ್ನು ಪಡೆಯಿತು. ವರ್ಲ್ಯಾಂಡರನ ಸಂಬಳ ವರ್ಷಕ್ಕೆ 2 ಕೋಟಿ 80 ಲಕ್ಷ ಡಾಲರು. ಅವನು ಹ್ಯೂಸ್ಟನ್ನಿನಲ್ಲಿ ಐದು ಪಂದ್ಯಗಳನ್ನಾಡಿ ಐದನ್ನೂ ಗೆದ್ದನು. ಆ ವರ್ಷ ಹ್ಯೂಸ್ಟನ್ ಜಗಜ್ಜೇತ ತಂಡವಾಯಿತು. ಆ ಗೆಲವಿಗೆ ಎದುರಾಳಿಗಳ ಸಂಕೇತಗಳನ್ನು ಕದ್ದ ಅಪವಾದವು ಅಂಟಿ 2020ರಲ್ಲಿ ಶಿಕ್ಷೆಯಾದುದು ಬೇರೆಯ ಮಾತು. ಎಳೆಯರಲ್ಲಿ ಹೆಚ್ಚು ಭರವಸೆಯವನೆನಿಸಿದ್ದ 19 ವರ್ಷದ ಫ್ರ್ಯಾಂಕ್ಲಿನ್ ಪೆರೆಸನು ಗಾಯದ ಮೇಲೆ ಗಾಯವನ್ನು ಅನುಭವಿಸಿ ಡೆಟ್ರಾಯಿಟ್‌ನ ಮುಖ್ಯ ತಂಡದಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಬೀಜವೆಲ್ಲ ಮೊಳೆಯುವುದಿಲ್ಲವೆಂಬುದಕ್ಕೆ ಇದು ಸಾಕ್ಷಿ. ಆದರೆ ಆ ರಾತ್ರಿಯ ವಿಶೇಷವು ಬೇರೆಯಿದೆ. ಮೇಲಿನ ನಿಯಮದಂತೆ ವರ್ಲ್ಯಾಂಡರನ ಒಪ್ಪಿಗೆಯನ್ನು ಕೇಳಿದರು. ಅವನು ಯೋಚಿಸಿ, ಸಮ್ಮತಿಸಿ, ಹೊರಟನು. ಮೂವರು ಎಳೆಯರನ್ನು ಯಾರೂ ಕೇಳಲಿಲ್ಲ. ಕೇಳಬೇಕೆಂಬ ನಿಯಮವೂ ಇರಲಿಲ್ಲ.

ವ್ಯಾಪಾರದ ಜಾಣತನವನ್ನು ಕುರಿತು ಎಷ್ಟು ಬರೆದರೂ ಈ ಒಂದು ಅಂಶವು ಉಳಿಯುವುದು. ಇಂದಿಗಾಗಿ ನಾಳೆಯನ್ನು ಕೊಡುವುದು ಯಾವಾಗಲೂ ತಪ್ಪಲ್ಲ. ಹಸಿವು ನಿಜವಾಗಿದ್ದು, ಎಲೆಯ ಮೇಲೆ ಬೀಳುವ ಅನ್ನವೂ ನಿಜವಾಗಿದ್ದರೆ, ಕೊಟ್ಟವನು ಮುಂದೆ ಬಡವನಾದರೂ ಅವಿವೇಕಿಯಲ್ಲ. ಆದರೆ ಅವನು ಕೊಡುವ ನಾಳೆಯು ಬಹುಮಟ್ಟಿಗೆ ಅವನ ಸ್ವಂತದ್ದಲ್ಲ. ಇಪ್ಪತ್ತು ವರ್ಷದ ಯಾವನೋ ಒಬ್ಬನದು. ಸಂಸಾರಗಳಲ್ಲಿಯೂ ಹೀಗೆಯೇ ಅಲ್ಲವೆ? ಹಿರಿಯರ ಇಂದಿನ ಮರ್ಯಾದೆಗಾಗಿ ಮಾಡಿದ ಸಾಲವನ್ನು ತೀರಿಸುವವನು ಅಂದು ತೊಟ್ಟಿಲಲ್ಲಿದ್ದವನು. ಅವನ ಒಪ್ಪಿಗೆಯನ್ನು ಕೇಳಲು ಬರುವಂತಿಲ್ಲ. ಆದರೆ ಅವನಿರುವನೆಂಬುದನ್ನು ನೆನೆಯಲು ಬರುವುದು.

ಅಲೆಕ್ಸಾಂಡರನು 194 ಗೆಲವುಗಳನ್ನು ಪಡೆದು ಆಟವನ್ನು ಬಿಟ್ಟನು. ಸಾಮಾನ್ಯನ ಲೆಕ್ಕವಲ್ಲ ಅದು. ಆದರೂ ಅವನ ಹೆಸರು ಬಂದಾಗಲೆಲ್ಲ ಜನರು ಇನ್ನೊಬ್ಬನ ಹೆಸರನ್ನು ಹೇಳಿ ನಗುವರು. ಇಪ್ಪತ್ತೊಂದರ ವಯಸ್ಸಿನಲ್ಲಿ ಅವನನ್ನು ನಾಳೆಯೆಂದು ತೂಗಿದರು. ಮೂವತ್ತಾರರಲ್ಲಿ ಇಂದೆಂದು ತೂಗಿದರು. ಎರಡು ಸಲವೂ ಎದುರಿನ ತಟ್ಟೆಯಲ್ಲಿ ಕುಳಿತವನ ಮುಖದಲ್ಲಿ ಅವನು ಕಾಣಬಹುದಾಗಿದ್ದುದು ತನ್ನನ್ನೇ: ಮೊದಲು, ತಾನು ಆಗಲಿರುವ ಮುದುಕನನ್ನು, ಬಳಿಕ, ತಾನು ಆಗಿದ್ದ ಹುಡುಗನನ್ನು. ಆ ಹುಡುಗನೂ 2009ರಲ್ಲಿ, ನಲವತ್ತು ದಾಟಿದ ಮೇಲೆ, ಇಪ್ಪತ್ತು ವರ್ಷ ಸೇವೆಮಾಡಿದ ಅಟ್ಲಾಂಟಾವನ್ನು ಬಿಟ್ಟು ಎರಡು ಪರ ಊರುಗಳಲ್ಲಿ ತನ್ನ ತೋಳಿನ ಕೊನೆಯ ಬಲವನ್ನು ಕೊಟ್ಟು ಆಟವನ್ನು ಮುಗಿಸಿದನು.